ಸಿಹಿನೀರು

ಇಲಿಗೆ ಮಧುಮೇಹ ಬರಿಸುವುದು ಕಷ್ಟವಲ್ಲ. ಒಂದು ಇಂಜೆಕ್ಷನ್ ಸಾಕು. ಅದು ಇನ್ಸುಲಿನ್ ತಯಾರಿಸುವ ಕೋಶಗಳನ್ನು ಹುಡುಕಿಕೊಂಡು ಹೋಗಿ ಕೊಲ್ಲುತ್ತದೆ. ಕಷ್ಟವಿರುವುದು ಆಮೇಲಿನ ಒಂದೆರಡು ದಿನ ಇಲಿಯನ್ನು ಉಳಿಸಿಕೊಳ್ಳುವುದರಲ್ಲಿ. ಸಾಯುವ ಕೋಶಗಳು ತಮ್ಮಲ್ಲಿದ್ದ ಇನ್ಸುಲಿನ್ನನ್ನೆಲ್ಲ ಒಮ್ಮೆಗೇ ರಕ್ತಕ್ಕೆ ಸುರಿಯುತ್ತವೆ. ರಕ್ತದ ಸಕ್ಕರೆ ಪಾತಾಳಕ್ಕಿಳಿಯುತ್ತದೆ. ಆಗ ಪಂಜರದ ಬಾಟಲಿಯಲ್ಲಿ ಸಕ್ಕರೆ ನೀರಿರಬೇಕು. ಇಲ್ಲದಿದ್ದರೆ ಸಕ್ಕರೆ ಕಾಯಿಲೆ ಬರುವ ಮೊದಲೇ ಇಲಿ ಸಕ್ಕರೆಯಿಲ್ಲದೆ ಸಾಯುತ್ತದೆ.

ನನ್ನ ಗಂಡ ಜಯಂತನಿಗೆ ಇದು ಗೊತ್ತಿರಲಿಲ್ಲ. ಅವನು ರಸಾಯನಶಾಸ್ತ್ರದವನು. ಕ್ಯೋಟೋದ ಈ ಪ್ರಯೋಗಾಲಯದಲ್ಲಿ ಮಧುಮೇಹಕ್ಕೆ ಹೊಸ ಔಷಧವೊಂದನ್ನು ತಯಾರಿಸಿದ್ದ. ಅದನ್ನು ಇಲಿಗಳ ಮೇಲೆ ಪರೀಕ್ಷಿಸುತ್ತಿದ್ದವರು ಅವನ ಹಿರಿಯ ಸಹೋದ್ಯೋಗಿ ಉಮಾಶಂಕರ್. ಒಂದು ಶನಿವಾರ ಉಮಾಶಂಕರ್ ಊರಲ್ಲಿರಲಿಲ್ಲ. ಫೋನ್ ಮಾಡಿ, "ಇಲಿಗಳಿಗೆ ಸಿಹಿನೀರು ಇಟ್ಬಿಡಪ್ಪಾ" ಎಂದರು. ಜಯಂತ ಕೋಲಾರದವನು. ಅವನ ಮನೆಯಲ್ಲಿ ಬೋರ್‌ವೆಲ್ಲಿನ ಉಪ್ಪುನೀರು ಬಟ್ಟೆಬರೆಗೆ, ಕೊಂಡು ತಂದ ಸಿಹಿನೀರು ಕುಡಿಯುವುದಕ್ಕೆ. ನಲ್ಲಿಯದು ಬೇಡ, ಒಳ್ಳೆಯ ಕುಡಿಯುವ ನೀರನ್ನೇ ಇಡಬೇಕು ಎಂದುಕೊಂಡ. ಶುದ್ಧೀಕರಿಸಿದ ನೀರು ತಂದು ಪ್ರತಿ ಪಂಜರಕ್ಕೂ ಇಟ್ಟ. ಮರುದಿನ ಬೆಳಿಗ್ಗೆ ಒಂದು ಇಲಿಯೂ ಉಳಿದಿರಲಿಲ್ಲ.

ಅಲ್ಲಿಯವರೆಗೆ ತಪ್ಪು ಯಾರದೂ ಅಲ್ಲ. ಪ್ರಾಧ್ಯಾಪಕರು, ಕುರೊದಾ ಸೆನ್ಸೇ, ವಿಚಾರಿಸಿದರು. ನಮ್ಮ ಭಾಷೆಯಲ್ಲಿ ಸಿಹಿನೀರು ಎಂದರೆ ಕುಡಿಯುವ ನೀರು ಎಂದ ಜಯಂತ. ಸೆನ್ಸೇ ಉಮಾಶಂಕರ್ ಕಡೆ ತಿರುಗಿದರು. ಆ ಕೋಣೆಯಲ್ಲಿ ಕನ್ನಡ ಬಲ್ಲವರು ಅವರಿಬ್ಬರೇ.

"ಸಿಹಿ ಎಂದರೆ ಸಕ್ಕರೆಯದು. ಬೇರೆ ಅರ್ಥವಿಲ್ಲ," ಎಂದರು ಉಮಾಶಂಕರ್. ಬೆಂಗಳೂರಿನ ಜಯನಗರದಲ್ಲಿ ಹುಟ್ಟಿ ಬೆಳೆದವರು.

ಜಯಂತ ಸುಳ್ಳುಗಾರನಾದ. ಎಲ್ಲರೆದುರು ಸೊಂಟ ಬಾಗಿಸಿ ಕ್ಷಮೆ ಕೇಳಿದ. ಸಂಶೋಧನಾ ಪ್ರಬಂಧದಿಂದ ಅವನ ಹೆಸರನ್ನು ತೆಗೆದರು. ಅವನ ಕೆಲಸದ ಅವಧಿಯನ್ನು ಮುಂದುವರಿಸಲಿಲ್ಲ. ಫೆಬ್ರುವರಿಯಲ್ಲಿ ಕಾಮೊ ನದಿಯ ದಂಡೆಯ ಮೇಲೆ ಸೈಕಲ್ಲಿನಿಂದ ಬಿದ್ದ. ಬೀಳುವ ಮೊದಲೇ ಹೃದಯ ನಿಂತಿತ್ತು ಎಂದರು ವೈದ್ಯರು. ಅವನ ಸಾವಿಗೆ ಉಮಾಶಂಕರ್ ಕಾರಣವೆಂದು ನಾನು ಹೇಳುವುದಿಲ್ಲ. ಅವನು ಸುಳ್ಳುಗಾರನಾಗಿ ಸತ್ತ. ಅದಕ್ಕೆ ಅವರೇ ಕಾರಣ.

ನಾನು ಅದೇ ಕಟ್ಟಡದಲ್ಲಿ ಇನ್ನೊಂದು ಗುಂಪಿನಲ್ಲಿದ್ದೆ. ಊರಿಗೆ ಬಂದುಬಿಡು ಎಂದರು ಎಲ್ಲರೂ. ಕುರೊದಾ ಸೆನ್ಸೇ ಬಳಿ ಜಾಗ ಖಾಲಿಯಾದಾಗ ಅರ್ಜಿ ಹಾಕಿದೆ. ಕನಿಕರದಿಂದಲೋ ಏನೋ, ಕೊಟ್ಟರು. ಉಮಾಶಂಕರ್ ನನ್ನನ್ನು ತಂಗಿಯಂತೆ ನೋಡಿಕೊಂಡರು. ಅವರ ಹೆಂಡತಿ ವಿಜಯಾ ಡಬ್ಬಿಯಲ್ಲಿ ಬಿಸಿಬೇಳೆಬಾತ್ ಕಳಿಸುತ್ತಿದ್ದರು. ತಿನ್ನುತ್ತಿದ್ದೆ. ಡಬ್ಬಿ ತೊಳೆದು ವಾಪಸು ಕೊಡುತ್ತಿದ್ದೆ. ಕಾಯುತ್ತಿದ್ದೆ.

ಜೂನ್‌ನಲ್ಲಿ ಸೆನ್ಸೇ ಸಮ್ಮೇಳನಕ್ಕೆಂದು ಬೆಂಗಳೂರಿಗೆ ಹೊರಟರು. ಹೊರಡುವ ಮುನ್ನ ನಾವೆಲ್ಲ ಹೋಟೆಲಿನಲ್ಲಿ ಊಟಕ್ಕೆ ಕುಳಿತಿದ್ದಾಗ ಅಲ್ಲಿಯ ನೀರು ಹೇಗೋ ಎಂದು ಆತಂಕಪಟ್ಟರು. ಬಿಯರ್ ಕುಡಿದಿದ್ದ ಉಮಾಶಂಕರ್ ಹುರುಪಿನಲ್ಲಿದ್ದರು.

"ಹೆದರ್ಕೋಬೇಡಿ ಸೆನ್ಸೇ. ನಮ್ಮನೇಲಿ ಎರಡು ನಲ್ಲಿ. ಒಂದು ಬೋರ್‌ವೆಲ್. ಇನ್ನೊಂದು ಕಾವೇರಿ, ಸಿಹಿನೀರು. ಹೆಸರೇ ಸ್ವೀಟ್ ವಾಟರ್! ಧಾರಾಳವಾಗಿ ಕುಡೀರಿ."

"ಶಿಹಿನೀರು," ಎಂದು ಸೆನ್ಸೇ ಹೇಳಿ ಕಲಿತರು. ಎಲ್ಲರೂ ನಕ್ಕರು. ಹಿಂದೆ ಹೇಳಿದ ಸುಳ್ಳು ಉಮಾಶಂಕರ್‌ಗೆ ನೆನಪೇ ಇರಲಿಲ್ಲ. ಅವರ ಮಟ್ಟಿಗೆ ಅದು ಅಷ್ಟು ಸಣ್ಣದು. ನಾನು ಸುಮ್ಮನೆ ಅನ್ನ ತಿಂದೆ.

ಸೆಪ್ಟೆಂಬರಿನ ಒಂದು ಶನಿವಾರ ಫೋನ್ ಬಂತು. ಉಮಾಶಂಕರ್ ದೂರದ ಉರಯಾಸು ಎಂಬ ಊರಿನಲ್ಲಿದ್ದರು, ಅಲ್ಲಿಯ ಕನ್ನಡದವರ ಗಣೇಶನ ಹಬ್ಬಕ್ಕೆ.

"ಕೃಪಾ, ಬೆಳಿಗ್ಗೆ ಇಲಿಗಳಿಗೆ ಇಂಜೆಕ್ಷನ್ ಕೊಟ್ಟೇ ಟ್ರೈನ್ ಹತ್ತಿದೆ. ಸಿಹಿನೀರು ಇಡೋದು ಮರೆತೋಯ್ತು. ಬೇಗ ಇಟ್ಬಿಡಮ್ಮ. ನಿಂಗೆ ಕಡುಬು ತರ್ತೀನಿ."

"ಆಯ್ತು ಸರ್," ಎಂದೆ.

ಎರಡು ಬಾಟಲಿ ತೆಗೆದುಕೊಂಡು ಸೆನ್ಸೇ ಕೋಣೆಗೆ ಹೋದೆ. ಶನಿವಾರವೂ ಅವರು ಇರುತ್ತಾರೆ.

"ಕ್ಷಮಿಸಿ, ಸೆನ್ಸೇ. ಇದರಲ್ಲಿ ಸಕ್ಕರೆ ಇದೆ, ಅದು ಬರೀ ಕುಡಿಯುವ ನೀರು. ಉಮಾಶಂಕರ್ ಸಾನ್ ಸಿಹಿನೀರು ಇಡು ಅಂದಿದ್ದಾರೆ. ಯಾವುದನ್ನು ಇಡಲಿ?"

"ಶಿಹಿನೀರು," ಎಂದರು ಅವರು. ಬಾಟಲಿಗಳನ್ನು ನೋಡಿದರು. ಆಮೇಲೆ ನನ್ನನ್ನು. ಯಾವುದನ್ನು ಇಡಬೇಕೆಂದು ನನಗೆ ಚೆನ್ನಾಗಿ ಗೊತ್ತಿದೆ ಎಂಬುದು ಅವರಿಗೂ ಗೊತ್ತಾಯಿತು. ಅವರ ಮುಖ ಬಿಳುಪೇರಿತು. ಒಂದು ವಾರ ಬೆಂಗಳೂರಿನಲ್ಲಿ ಆ ನೀರು ಕುಡಿದು ಬಂದಿದ್ದರು.

ನನ್ನ ಫೋನಿನಿಂದ ವಿಡಿಯೋ ಕರೆ ಮಾಡಿಸಿದರು. ಉಮಾಶಂಕರ್ ರೇಷ್ಮೆ ಪಂಚೆ ಉಟ್ಟು, ಕುಂಕುಮ ಇಟ್ಟುಕೊಂಡು ನಗುತ್ತಾ ಬಂದರು. ಸೆನ್ಸೇಯನ್ನು ನೋಡಿ ನೆಟ್ಟಗೆ ನಿಂತರು.

"ಕೃಪಾ ಸಾನ್‌ಗೆ ಏನು ಇಡಲು ಹೇಳಿದಿರಿ?"

"ಸಕ್ಕರೆ ನೀರು, ಸೆನ್ಸೇ."

"ಶಿಹಿನೀರು ಎಂದಿರಂತೆ. ನಿಮ್ಮ ಮನೆಯ ಎರಡನೇ ನಲ್ಲಿಯಲ್ಲಿ ಬರುವುದೂ ಅದೇ ತಾನೇ?"

ಉಮಾಶಂಕರ್ ಹಣೆಯ ಕುಂಕುಮ ಮುಟ್ಟಿಕೊಂಡರು.

"ಬೇರೆ ಅರ್ಥವಿಲ್ಲ ಎಂದು ಅವತ್ತು ನೀವು ನನಗೆ ಹೇಳಿದಿರಿ."

ಅವರು ಪರದೆಯೊಳಗಿಂದ ನನ್ನ ಕಡೆ ತಿರುಗಿದರು. ಹಲ್ಲು ಕಾಣುವಂತೆ ನಗುತ್ತಲೇ, ಕನ್ನಡದಲ್ಲಿ ಮಾತಾಡಿದರು.

"ಏನಮ್ಮಾ ಇದು, ಹಬ್ಬದ ದಿನ? ಬೇಕಂತ್ಲೇ ಮಾಡ್ತಿದೀಯಾ? ಸತ್ತೋನ್ನ ಯಾಕೆ ಮಧ್ಯ ಎಳೀತೀಯಾ? ಏನೋ ಒಂದು ಹೇಳಿ ಮ್ಯಾನೇಜ್ ಮಾಡು. ನಿನ್ನ ಕಾಂಟ್ರ್ಯಾಕ್ಟ್ ರಿನ್ಯೂವಲ್ ನಾನು ನೋಡ್ಕೋತೀನಿ."

"ಏನು ಹೇಳುತ್ತಿದ್ದಾರೆ?" ಎಂದು ಸೆನ್ಸೇ ನನ್ನನ್ನು ಕೇಳಿದರು.

ಆ ಕೋಣೆಯಲ್ಲಿ ಈಗ ಕನ್ನಡ ಬಲ್ಲವಳು ನಾನೊಬ್ಬಳೇ. ನಿಧಾನವಾಗಿ, ಉಮಾಶಂಕರ್‌ಗೂ ಕೇಳಿಸುವಂತೆ, ಜಪಾನಿಯಲ್ಲಿ ಹೇಳಿದೆ:

"ಜಯಂತ ಸಾನ್ ಹೇಳಿದ್ದು ನಿಜ, ಸುಳ್ಳು ಹೇಳಿದವನು ನಾನು, ಗೊತ್ತಿದ್ದೇ ಹೇಳಿದೆ, ಕ್ಷಮಿಸಿ ಎನ್ನುತ್ತಿದ್ದಾರೆ."

ಉಮಾಶಂಕರ್ ಅವರ ಜಪಾನಿ ನನ್ನದಕ್ಕಿಂತ ಚೆನ್ನಾಗಿದೆ. ಹಾಗೆ ಹೇಳಲಿಲ್ಲ ಎನ್ನಬಹುದಿತ್ತು. ಅಲ್ಲವೆಂದರೆ, ಮತ್ತೇನು ಹೇಳಿದಿರಿ ಎಂದು ಸೆನ್ಸೇ ಕೇಳುತ್ತಾರೆ. ಅವರ ಬಾಯಿ ತೆರೆಯಿತು. ಹಿಂದಿನಿಂದ ಯಾರೋ, "ಉಮಾಶಂಕರ್, ಬನ್ರೀ, ಮಂಗಳಾರತಿ!" ಎಂದು ಕೂಗಿದರು.

"ಹೌದೇ?" ಎಂದರು ಸೆನ್ಸೇ.

"ಹೌದು," ಎಂದರು ಉಮಾಶಂಕರ್. ಬಾಗಿದರು. ಪರದೆಯಲ್ಲಿ ಅವರ ನಡುನೆತ್ತಿ ಮಾತ್ರ ಕಾಣುತ್ತಿತ್ತು, ಕೂದಲು ತೆಳುವಾದ ಜಾಗ. ಮಂಗಳಾರತಿಯ ಗಂಟೆ ಶುರುವಾಯಿತು.

ಇಲ್ಲಿಯ ರೂಢಿಯಲ್ಲಿ, ಹಾಗೆ ಬಾಗಿದವರು ತಲೆ ಎತ್ತಬೇಕಾದರೆ ಎದುರಿಗಿರುವವರು ಏನಾದರೂ ಹೇಳಬೇಕು. ಸೆನ್ಸೇ ಹೇಳಲಿಲ್ಲ. ನನ್ನ ಕಡೆ ನೋಡಿದರು. ಜಯಂತನ ಹೆಸರನ್ನು ಪ್ರಬಂಧಕ್ಕೆ ತಾನೇ ಮತ್ತೆ ಸೇರಿಸುತ್ತೇನೆ, ಎಲ್ಲರೆದುರು ಕ್ಷಮೆಯನ್ನೂ ಕೇಳುತ್ತೇನೆ ಎಂದರು. ಸಕ್ಕರೆ ನೀರಿನ ಬಾಟಲಿಯನ್ನು ನನ್ನತ್ತ ಸರಿಸಿ, "ಇಲಿಗಳಿಗೆ ಹೊತ್ತಾಗುತ್ತಿದೆ," ಎಂದರು.

ಬಾಟಲಿ ತೆಗೆದುಕೊಂಡೆ. ಉಮಾಶಂಕರ್ ಇನ್ನೂ ಬಾಗಿಯೇ ಇದ್ದರು. ಫೋನನ್ನು ಮೇಜಿನ ಮೇಲೆ ಹಾಗೇ ಬಿಟ್ಟು ಹೊರಗೆ ಬಂದೆ.