ಕೆಂದಿ ಕುಡಿದ ನೀರು

ಗುಲ್ಷನ ಸಲಿಕೆ ತೆಗೆದುಕೊಂಡು ಬರುವಷ್ಟರಲ್ಲಿ ಆಕಳು ಟಬ್ಬಿನಿಂದ ಮೂತಿ ಎತ್ತಿತ್ತು. ಮೂಗಿನ ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು.

"ಹೈ! ಹೈ!" ಎಂದು ಕೂಗುತ್ತ ಓಡಿಬಂದಳು. ಪಕ್ಕದ ಹೊಲದ ಹೊಳೆವ್ವನ ಕೆಂದಿ ಅದು, ಏಳು ತಿಂಗಳ ಗಬ್ಬ. ಬೇಲಿಯ ಸಂದಿಯಲ್ಲಿ ನುಸುಳಿ ಬಂದಿತ್ತು. ಗದರಿಸಿದ್ದಕ್ಕೆ ಏನೂ ಬೇಸರವಿಲ್ಲದೆ ಬಂದ ದಾರಿಯಲ್ಲೇ ಹಿಂತಿರುಗಿತು. ಗುಲ್ಷನಳ ಕಣ್ಣು ಟಬ್ಬಿಗೆ ಹೋಯಿತು. ಕಾಲು ಭಾಗ ಇಳಿದಿತ್ತು.

ಅದು ಬರೀ ನೀರಲ್ಲ. ಪೇರಲ ಗಿಡಗಳಿಗೆ ಇದು ಮೂರನೇ ವರ್ಷ. ಎಲೆಗಳು ಹಳದಿಯಾಗತೊಡಗಿದಾಗ ರೋಣದ ಕೃಷಿ ಕಚೇರಿಗೆ ಹೋಗಿ ಮಣ್ಣು ಪರೀಕ್ಷೆ ಮಾಡಿಸಿದ್ದಳು. ಸಾರಜನಕ ಕಡಿಮೆ ಎಂದು ಬಂದಿತ್ತು. ತಿಪ್ಪೆಗೊಬ್ಬರದ ಜೊತೆಗೆ ಯೂರಿಯಾ ಕೊಡಿ, ಬೊಡ್ಡೆಗೆ ತಾಗಿಸಬೇಡಿ, ಟೊಂಗೆಯ ನೆರಳು ಬೀಳುವ ಅಂಚಿನಲ್ಲಿ ಸುತ್ತ ತಗ್ಗು ತೆಗೆದು ಹಾಕಿ ಎಂದಿದ್ದರು ಅಲ್ಲಿಯವರು. ಮಳೆ ಹಿಂದೆ ಬಿದ್ದು ಮಣ್ಣು ಒಣಗಿದ್ದರಿಂದ, ಹಾಗೇ ಚೆಲ್ಲಿದರೆ ಬಿಸಿಲಿಗೆ ಹಾಳಾಗುತ್ತದೆಂದು ಒಂದು ಕಿಲೋ ಯೂರಿಯಾವನ್ನು ನೀರಲ್ಲಿ ಕರಗಿಸಿ ಇಟ್ಟಿದ್ದಳು.

ಕೊಣ್ಣೂರಿನ ತವರುಮನೆಯಲ್ಲಿ ಹತ್ತು ವರ್ಷದವಳಿದ್ದಾಗ ಇಂಥದೇ ನೀರು ಕುಡಿದ ಎತ್ತೊಂದನ್ನು ಅವಳು ನೋಡಿದ್ದಳು. ಒಂದು ತಾಸೂ ಆಗಿರಲಿಲ್ಲ, ಕಾಲು ಸೆಟೆದು ಬಿದ್ದಿತ್ತು.

ಗುಡಿಸಲಿನ ನೆರಳಲ್ಲಿ ಕುಳಿತಿದ್ದ ಅತ್ತೆ ಮಕ್ತುಮಬಿ ಎಲ್ಲವನ್ನೂ ನೋಡಿದ್ದಳು. ಎದ್ದು ಬಂದು ಟಬ್ಬಿನ ಅಂಚು ಹಿಡಿದಳು.

"ಚೆಲ್ಲು ಇದನ್ನ. ಚೆಲ್ಲಿ ತೊಳದ ಬಿಡು."

"ಅಮ್ಮಾ, ಆಕಳ ಸಾಯತೈತಿ."

"ಸತ್ರ ಸಾಯ್ಲಿ ಅನ್ನಾಂಗಿಲ್ಲ ನಾ. ಆದ್ರ ಯಾರ ಆಕಳ, ಯಾರ ಹೊಲದಾಗ ಕುಡೀತು, ಅಷ್ಟ ಕೇಳ್ತಾರ ಮಂದಿ. ಬೇಕಂತ ಇಟ್ಟಿದ್ರು ಅಂದ್ರ ಏನ್ ಹೇಳ್ತಿ? ಕಾಶೀಂ ಬರೂಮಟ ಬಾಯಿ ಬಿಡಬ್ಯಾಡ."

ಗಂಡ ಕಾಶೀಂಸಾಬ ಟ್ರ್ಯಾಕ್ಟರ್ ರಿಪೇರಿಗೆಂದು ನರಗುಂದಕ್ಕೆ ಹೋಗಿದ್ದ. ಎರಡು ಸಲ ಫೋನು ಮಾಡಿದಳು, ಎತ್ತಲಿಲ್ಲ. ಗುಲ್ಷನಳ ಕೈ ತಾನಾಗಿಯೇ ಟಬ್ಬನ್ನು ಓರೆ ಮಾಡಿತು. ಒಣಗಿದ ಎರೆಮಣ್ಣು ಆ ನೀರನ್ನು ಗಟಗಟ ಕುಡಿದುಬಿಟ್ಟಿತು. ಟಬ್ಬು ತೊಳೆದಳು.

ಅರ್ಧ ತಾಸಿನ ಮೇಲೆ ಬೇಲಿಯಾಚೆಯಿಂದ ಹೊಳೆವ್ವ ಚೀರಿದ್ದು ಕೇಳಿತು.

ಅತ್ತೆ ಸೆರಗು ಹಿಡಿದು ಜಗ್ಗಿದಳು. ಗುಲ್ಷನ ಬಿಡಿಸಿಕೊಂಡು ಓಡಿದಳು. ಕೆಂದಿ ಕಾಲಗಲಿಸಿ ನಿಂತಿತ್ತು. ಎಡ ಪಕ್ಕೆ ತಮಟೆಯಂತೆ ಬಿಗಿದು ಉಬ್ಬಿತ್ತು. ಹಲ್ಲು ಕಡಿಯುತ್ತಿತ್ತು, ಬಾಯಿಂದ ನೊರೆ, ತೊಗಲೆಲ್ಲ ಅದುರುತ್ತಿತ್ತು. ಹೊಳೆವ್ವ ಅದರ ಕೊರಳು ತಬ್ಬಿ ಹಿಡಿದಿದ್ದಳು. ಅವಳ ಮಗ ದುರಗೇಶ ಫೋನಿನಲ್ಲಿ ದನದ ಡಾಕ್ಟರ ಜೊತೆ ಮಾತಾಡುತ್ತಿದ್ದ. ಧ್ವನಿ ಹೊರಗೆ ಕೇಳುವ ಹಾಗೆ ಇಟ್ಟಿದ್ದ. ಡಾಕ್ಟರು ಯಾವಗಲ್ಲಿನಲ್ಲಿದ್ದರು, ಬರಲು ಒಂದು ತಾಸಾದರೂ ಬೇಕಿತ್ತು.

"ಏನ್ ತಿಂದೈತಿ ಹೇಳ್ರಿ ಮೊದ್ಲ. ಅದು ಗೊತ್ತಾಗದ ಏನ್ ಕೊಡ್ಸಲಿ?"

"ಹಸಿ ಜ್ವಾಳ ಮೇದಿರಬೇಕ್ರಿ ಸರ, ಖಾತ್ರಿ ಇಲ್ಲ..."

ಹಾಗೇ ಸುಮ್ಮನಿದ್ದುಬಿಡಬಹುದಿತ್ತು. ಗುಲ್ಷನ ದುರಗೇಶನ ಕೈಗಳನ್ನು ನೋಡಿದಳು, ದೊಡ್ಡ ಕೈಗಳು. ರಸ್ತೆಯ ಮೇಲೆ ಆಗಲೇ ಎರಡು ಬೈಕು ನಿಂತಿದ್ದವು, ಯಾರೋ ಇತ್ತ ನೋಡುತ್ತಿದ್ದರು. ಕೆಂದಿ ಒಮ್ಮೆ ನರಳಿತು.

"ಜ್ವಾಳ ಅಲ್ಲರಿ," ಎಂದಳು. ತನ್ನ ದನಿ ತನಗೇ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಿದಳು. "ಯೂರಿಯಾ ನೀರು ಕುಡದೈತ್ರಿ. ನಮ್ಮ ತ್ವಾಟದಾಗ. ಗಿಡಕ್ಕ ಹಾಕಾಕ ಕಲಸಿ ಇಟ್ಟಿದ್ದೆ. ಕಿಲೋದಾಗ ಕಾಲು ಭಾಗ ಹೋಗೈತಿ."

ದುರಗೇಶ ತಿರುಗಿದ. ಅವನು ಬಾಯಿ ತೆರೆಯುವ ಮೊದಲೇ ಫೋನಿನೊಳಗಿನ ದನಿ ಜೋರಾಯಿತು. "ಎಷ್ಟೊತ್ತಾತು?"

"ಮುಕ್ಕಾಲು ತಾಸ್ರಿ."

"ಉಬ್ಬರಕ್ಕಂತ ಎಣ್ಣಿ ಕುಡಸಬ್ಯಾಡ್ರಿ. ಗೋಬಿ ಮಂಚೂರಿ ಗಾಡಿಯವ್ರು ಹಾಕ್ತಾರಲ್ಲ, ಬಿಳೀ ವಿನಿಗರ್, ಅದು ನಾಕ್ ಬಾಟ್ಲಿ ತರ್ರಿ. ತಂಪು ನೀರಾಗ ಕಲಸಿ ಕುಡಸ್ರಿ. ಆಮ್ಯಾಲ ತಣ್ಣೀರು, ಎಷ್ಟ್ ಕುಡದ್ರ ಅಷ್ಟು. ಸಾವಕಾಶ, ನೆತ್ತಿಗೇರಬಾರದು. ಲಗೂ ಮಾಡ್ರಿ!"

ದುರಗೇಶ ಗುಲ್ಷನಳನ್ನು ಒಂದು ಕ್ಷಣ ನೋಡಿದ. ಆ ನೋಟಕ್ಕೆ ಅವಳು ಎರಡು ಹೆಜ್ಜೆ ಹಿಂದೆ ಸರಿದಳು. ಅವನು ಬೈಕ್ ಏರಿ ರಾಜೂರಿನ ಕಡೆ ಹೋದ.

ಅವನು ಬರುವವರೆಗೆ ಇಬ್ಬರೂ ಹೆಂಗಸರು ಆಕಳನ್ನು ಬೀಳದಂತೆ ಆಚೀಚೆ ಆತು ನಿಂತರು. ಬಾವಿಯ ನೀರು ತಂದು ಬಕೆಟ್ಟಿಗೆ ತುಂಬಿದ್ದು ಮಕ್ತುಮಬಿ. ಯಾವಾಗ ಬಂದಳೋ ಗುಲ್ಷನಳಿಗೆ ತಿಳಿಯಲಿಲ್ಲ. ಮುದುಕಿ ಯಾರ ಮುಖವನ್ನೂ ನೋಡುತ್ತಿರಲಿಲ್ಲ.

ಬಾಟಲಿಗಳು ಬಂದವು. ದುರಗೇಶ ತಲೆ ಎತ್ತಿ ಹಿಡಿದ, ಗುಲ್ಷನ ಬಾಯಿಯ ಮೂಲೆಯಿಂದ ಸ್ವಲ್ಪ ಸ್ವಲ್ಪವೇ ಹೊಯ್ದಳು. ಹುಳಿ ವಾಸನೆಗೆ ಕಣ್ಣಲ್ಲಿ ನೀರು ಬಂತು. ಒಂದು ಬಾಟಲಿ, ಎರಡು. ಮೂರನೆಯದಕ್ಕೆ ಕೆಂದಿಯ ಮುಂಗಾಲು ಮಡಚಿತು, ಮೂವರೂ ಹೆಗಲು ಕೊಟ್ಟು ಎತ್ತಿದರು. "ಅವ್ವಾ, ಬೀಳಬ್ಯಾಡ," ಎನ್ನುತ್ತಿದ್ದಳು ಹೊಳೆವ್ವ, "ಬೀಳಬ್ಯಾಡ ನನ್ನವ್ವ." ಗುಲ್ಷನಳ ತುಟಿಯೂ ಅಲುಗುತ್ತಿತ್ತು.

ಎಷ್ಟು ಹೊತ್ತಾಯಿತೋ. ಕೆಂದಿ ಕೊರಳು ಚಾಚಿ ಒಂದು ದೊಡ್ಡ ತೇಗು ತೇಗಿತು. ಆಮೇಲೆ ಇನ್ನೊಂದು. ಪಕ್ಕೆಯ ಉಬ್ಬರ ಕೈಗೆ ಮೆತ್ತಗಾಗುತ್ತ ಬಂತು.

ಡಾಕ್ಟರು ಬಂದಾಗ ಹೊತ್ತು ಇಳಿಯುತ್ತಿತ್ತು. ಮುಟ್ಟಿ ನೋಡಿದರು, ಒಂದು ಸೂಜಿ ಹಾಕಿದರು, ಹೊಟ್ಟೆಗೆ ಕೈಯೊತ್ತಿ ಕರುವಿನ ಅಲುಗಾಟ ಹುಡುಕಿದರು. "ಕರಾ ಜೀವಂತ ಐತಿ," ಎಂದರು. "ಏನ್ ಕುಡದಿತ್ತು ಅಂತ ಹೇಳದಿದ್ರ ಎರಡೂ ಹೋಗ್ತಿದ್ವು."

ರಸ್ತೆಯ ಮೇಲಿದ್ದವರು ಈಗ ಆರೇಳು ಮಂದಿಯಾಗಿದ್ದರು. ಒಬ್ಬ ಬೇಲಿಯ ಹತ್ತಿರ ಬಂದ. "ಏನಾತ್ರಿ ಅಕ್ಕಾರ? ಯಾರರ ಏನರ ಹಾಕಿದ್ರೇನು?"

ದುರಗೇಶ ತಾಯಿಯ ಮುಖ ನೋಡಿದ. ಮಕ್ತುಮಬಿಯ ಕೈಯಲ್ಲಿ ಖಾಲಿ ಬಕೆಟ್ ಹಾಗೇ ನಿಂತಿತು.

ಹೊಳೆವ್ವ ಆಕಳ ಕೊರಳ ಕಣ್ಣಿ ಬಿಚ್ಚುತ್ತ, ತಲೆ ಎತ್ತದೆ ಹೇಳಿದಳು. "ಹೊಟ್ಟಿ ಉಬ್ಬಿತ್ತು. ಇಳೀತು. ಹೋಗ್ರಿ ನಿಮ್ಮ ನಿಮ್ಮ ಕೆಲಸಕ್ಕ."

ಬೈಕುಗಳು ಒಂದೊಂದಾಗಿ ಶುರುವಾದವು. ಹೊಳೆವ್ವ ಆಕಳನ್ನು ಮುಂದೆ ಬಿಟ್ಟುಕೊಂಡು ಬದುವಿನ ಮೇಲೆ ಮನೆಯ ಕಡೆ ಹೊರಟಳು. ಕೆಂದಿ ನಾಲ್ಕು ಹೆಜ್ಜೆಗೊಮ್ಮೆ ನಿಲ್ಲುತ್ತಿತ್ತು. ಅದು ನಿಂತಲ್ಲೆಲ್ಲ ಅವಳೂ ನಿಂತು, ಅದು ನಡೆದಾಗ ನಡೆಯುತ್ತಿದ್ದಳು.