ಪೈಪಿನ ಕರಡಿ

"ಇದೇನ್ರೀ ಇದು?"

ಗಂಡ ಫೋನನ್ನು ಕಿವಿಯಿಂದ ತೆಗೆಯದೆ, ತಾಳು ಎಂದು ಕೈ ತೋರಿಸಿದ. ಗಿರಾಕಿಯೊಬ್ಬರ ಬಚ್ಚಲ ಪೈಪು ಎಲ್ಲಿ ಕಟ್ಟಿಕೊಂಡಿದೆಯೆಂದು ವಿಚಾರಿಸುತ್ತ, ಅವಳ ಮೇಜಿಗೆ ಒರಗಿ, ಅವಳದೇ ಪೆನ್ಸಿಲಿನಿಂದ ಗೀಚುತ್ತಿದ್ದ. ಗೀಚಿದ್ದೋ, ಬೆಳಗಿನಿಂದ ಅವಳು ತಿದ್ದಿ ತೀಡಿ ಬಣ್ಣಕ್ಕೆ ಸಿದ್ಧ ಮಾಡಿಟ್ಟ ಕರಡಿಯ ಮೇಲೆ. ಫೋನಿನಲ್ಲಿ ಮಾತಾಡುವಾಗ ಅವನ ಕೈ ಸುಮ್ಮನಿರುವುದೇ ಇಲ್ಲ. ಗೋಡೆ, ಪೇಪರು, ಕರೆಂಟ್ ಬಿಲ್ಲು, ಯಾವುದನ್ನೂ ಬಿಟ್ಟವನಲ್ಲ. ನಲ್ಲಿ ರಿಪೇರಿಯವನನ್ನು ಕಟ್ಟಿಕೊಂಡ ಮೇಲೆ ಮನೆಯಲ್ಲಿ ಒಂದು ಬಿಳಿ ಹಾಳೆ ಉಳಿದಿಲ್ಲ ಎಂದು ಅವಳು ಕಂಡಕಂಡವರಿಗೆಲ್ಲ ದೂರು ಹೇಳುತ್ತಿದ್ದಳು.

ಇವತ್ತು ಮಾತ್ರ ಅವಳಿಗೆ ಅಳುವೇ ಬಂತು. ಇಷ್ಟು ಕಾಲ ಅವಳು ಬರೆದದ್ದೆಲ್ಲ ಪಠ್ಯಪುಸ್ತಕದ ಚಿತ್ರಗಳು. ಮೂತ್ರಪಿಂಡ, ಹೂವಿನ ಭಾಗಗಳು, ಕಪ್ಪೆಯ ಹೊಟ್ಟೆ. ಗೆರೆ ಕೂದಲೆಳೆಯಷ್ಟೂ ಅತ್ತಿತ್ತ ಹೋದದ್ದಿಲ್ಲ. ಮಕ್ಕಳ ಕಥೆಪುಸ್ತಕವೊಂದು ಕೈಗೆ ಬಂದದ್ದು ಇದೇ ಮೊದಲು. ದಾರಿ ತಪ್ಪಿದ ಕರಡಿಯೊಂದರ ಕಥೆ. ಅದರ ಚಿತ್ರಗಳೂ ಎರಡು ಸಲ ವಾಪಸು ಬಂದಿದ್ದವು. "ನಿಮ್ಮ ಕರಡಿ ನೋಡಿದ್ರೆ ಬಾಣ ಎಳೆದು ಕಿವಿ, ಮೂಗು, ಪಾದ ಅಂತ ಬರೀಬೇಕು ಅನ್ಸುತ್ತೆ," ಎಂದಿದ್ದಳು ಸಂಪಾದಕಿ. ನಾಳೆ ಕಳಿಸುವ ಎರಡು ಪುಟವೂ ಹಾಗೇ ಇದ್ದರೆ ಪುಸ್ತಕ ಬೇರೆಯವರ ಪಾಲು. ಇವಳಿಗೆ ಮತ್ತೆ ಮೂತ್ರಪಿಂಡವೇ ಗತಿ.

"ಎರಡು ಗೆರೆ ತಾನೇ, ರಬ್ಬರ್ ಹಾಕು ಹೋಗುತ್ತೆ," ಎಂದ ಗಂಡ, ಫೋನಿಟ್ಟು.

"ಹಾಕ್ತೀನಿ, ನಿಮ್ಮ ತಲೆಗೆ ಹಾಕ್ತೀನಿ."

ಉಜ್ಜಿದರೆ ಹಾಳೆ ಎದ್ದು ಬಂತೇ ಹೊರತು ಗೆರೆ ಹೋಗಲಿಲ್ಲ. ಅಷ್ಟು ಒತ್ತಿದ್ದ ಮಹಾನುಭಾವ. ಕರಡಿಯ ನೆತ್ತಿಯಿಂದ ಹೊರಟ ಅವನ ಪೈಪು ಮುಖವನ್ನೊಂದು ಸುತ್ತು ಹಾಕಿ, ಬೆನ್ನ ಮೇಲೆ ಹಾದು, ಗೊತ್ತುಗುರಿಯಿಲ್ಲದೆ ಅಂಚಿಗೆ ಹೋಗಿ ನಿಂತಿತ್ತು. ಹೇಗೂ ಕೆಟ್ಟಿದೆ, ಪೂರ್ತಿ ಕೆಡಲಿ ಎಂದು ಅವಳು ಸಿಟ್ಟಿನಲ್ಲಿ ಕುಂಚ ಅದ್ದಿ ಆ ಸುತ್ತಿನೊಳಗೆ ಎರಡು ಕಣ್ಣು ಬಡಿದಳು. ಒಂದು ಓರೆಯಾಯಿತು. ಕರಡಿ ಕದ್ದು ಸಿಕ್ಕಿಬಿದ್ದವನ ಹಾಗೆ ನೋಡಿತು. ಅವಳಿಗೆ ನಗು ಬಂತು. ನಗು ಬಂದದ್ದಕ್ಕೆ ಇನ್ನಷ್ಟು ಸಿಟ್ಟು ಬಂತು. ಪೈಪಿನ ತಿರುವಿಗೊಂದು ಡೊಳ್ಳುಹೊಟ್ಟೆ ಕೊಟ್ಟಳು. ಒಂದು ಕಾಲು ಉದ್ದವಾಯಿತು. ಆಗಲಿ, ಕುಂಟಲಿ. ಬಣ್ಣ ಗೆರೆ ದಾಟಿ ಹರಿದರೂ ತಡೆಯಲಿಲ್ಲ. ಊಟಕ್ಕೆ ಗಂಡ ಎರಡು ಸಲ ಕರೆದದ್ದು ಕೇಳಿಸಲೂ ಇಲ್ಲ.

ಕುಂಚ ಕೆಳಗಿಟ್ಟಾಗ ಎದುರಿಗಿದ್ದದ್ದು ದಾರಿ ತಪ್ಪಿದ್ದ, ಆದರೆ ತಪ್ಪಿದ್ದನ್ನು ಒಪ್ಪಿಕೊಳ್ಳದ ಕರಡಿ. ಹುಮ್ಮಸ್ಸಿನಲ್ಲಿ ಎರಡನೆಯ ಪುಟಕ್ಕೆ ಕೈಹಾಕಿದಳು. ಮತ್ತೆ ಅದೇ ಹಾಡು, ಕಿವಿ ಇರುವ ಮೂತ್ರಪಿಂಡ.

"ರೀ, ಬನ್ನಿ ಇಲ್ಲಿ. ಇದರ ಮೇಲೂ ಗೀಚಿ."

ಅವನು ಕೈ ತೊಳೆದು ಬಂದು, ನೆಟ್ಟಗೆ ಕೂತು, ಉಸಿರು ಬಿಗಿಹಿಡಿದು ಒಂದು ಗೆರೆ ಎಳೆದ. ಸ್ಕೇಲಿಟ್ಟು.

"ನಿಮಗೆ ಸ್ಕೇಲ್ ತಗೊಳ್ಳಿ ಅಂತ ಯಾರಂದ್ರು?"

"ಪುಸ್ತಕದ್ದಲ್ವೇನೇ, ಚೆನ್ನಾಗಿ ಬರೀಬೇಡ್ವಾ?"

ಅವಳು ಹಣೆ ಹಣೆ ಚಚ್ಚಿಕೊಂಡಳು. ಸ್ಕೇಲು ಕಿತ್ತುಕೊಂಡು, ತನ್ನ ಫೋನು ಹಿಡಿದು ಅಡುಗೆಮನೆಗೆ ಹೋಗಿ ಬಾಗಿಲು ಹಾಕಿದಳು. ಮೇಜಿನ ಹತ್ತಿರ ಅವನ ಫೋನು ಬಡಿದುಕೊಂಡಿತು.

"ಹಲೋ, ಯಾರು?"

"ಬಚ್ಚಲಲ್ಲಿ ನೀರು ಹೋಗ್ತಿಲ್ಲ."

"ಲೇ, ನೀನು ಅಡುಗೆಮನೇಲಿ..."

"ಗಿರಾಕಿ ಜೊತೆ ಹೀಗಾ ಮಾತಾಡೋದು?"

ಅವನು ಗಂಟಲು ಸರಿಮಾಡಿಕೊಂಡು, "ಎಷ್ಟು ದಿನದಿಂದ ಕಟ್ಟಿದೆ, ಮೇಡಂ?" ಎಂದ.

"ತುಂಬಾ ವರ್ಷ ಆಯ್ತು," ಎಂದಳು.

"ಎಲ್ಲಿ ಅಂತ ಏನಾದ್ರೂ ಗೊತ್ತಾ? ತಿರುವಲ್ಲಾ, ಇಲ್ಲಾ ಒಳಗಡೇನಾ?"

ಅವನ ಮಾತಿನ ಹಿಂದೆ ಹಾಳೆಯ ಮೇಲೆ ಪೆನ್ಸಿಲು ಹೊರಟ ಸದ್ದು ಕೇಳಿಸಿತು. ಅವಳು ಬಾಗಿಲಿಗೆ ಒರಗಿ ನಿಂತು, ಇಲ್ಲದ ಪೈಪಿನ ವಿಷಯ ನಿಲ್ಲಿಸದೆ ಹೇಳುತ್ತ ಹೋದಳು.