ಹೆಸರು ಆಮೇಲೆ ಹೇಳುವ ಆಟಗಾರ

"ಹಾಗಾದ್ರೆ ಲೀಗಿನವರಿಗೆ ಈಗ್ಲೇ ಫೋನ್ ಮಾಡಿ ಹೇಳಿಬಿಡ್ಲಾ, ವೆಂಡೆಲ್ ಪ್ರೂಯಿಟ್ ಇನ್ಮೇಲೆ ಆಟಗಾರ ಅಲ್ಲ ಅಂತ?" ಲೊರೇನ್ ಕೇಳಿದಳು. ಅವಳ ಕೈ ಆಗಲೇ ಫೋನಿನ ಮೇಲಿತ್ತು.

ವೆಂಡೆಲ್ ಕಿಟಕಿಯಾಚೆ ನೋಡಿದ. ನವೆಂಬರ್ ತಿಂಗಳ ಮೈದಾನದಲ್ಲಿ ನೋಡುವಂಥದ್ದೇನೂ ಇರಲಿಲ್ಲ. ಚೆಂಡೆಸೆಯುವ ಪಿಚರ್ ನಿಲ್ಲುವ ದಿಬ್ಬಕ್ಕೆ ಟಾರ್ಪಾಲು ಹೊದಿಸಿ, ಅದು ಹಾರದಿರಲೆಂದು ಮೇಲೆ ಹಳೆಯ ಟೈರುಗಳನ್ನು ಹೇರಿದ್ದರು. ಹುಲ್ಲು ಹಳದಿಗಟ್ಟಿತ್ತು.

"ಥ್ಯಾಂಕ್ಸ್‌ಗಿವಿಂಗ್ ಹಬ್ಬ ಒಂದು ಕಳೀಲಿ ಬಿಡಿ," ಎಂದ. "ಅಂಥಾ ಅರ್ಜೆಂಟೇನಿದೆ?"

"ನನಗೇನೂ ಅರ್ಜೆಂಟಿಲ್ಲಪ್ಪ. ನಿನ್ನ ಮಂಡಿಗೆ ಇರಬಹುದು ಅಂದ್ಕೊಂಡೆ." ಲೊರೇನ್ ಫೋನಿನಿಂದ ಕೈ ತೆಗೆದು ಬಾಯಿಗೆ ಇನ್ನೊಂದಿಷ್ಟು ಸೂರ್ಯಕಾಂತಿ ಬೀಜ ಹಾಕಿಕೊಂಡಳು. ಕಾರ್ವರ್ಸ್ ಬೆಂಡ್ ಊರಿನ ಹೆರನ್ಸ್ ಬೇಸ್‌ಬಾಲ್ ತಂಡದ ಒಡತಿ ಅವಳು. ಟಿಕೆಟ್ ಹರಿಯುವವರಿಂದ ಹಿಡಿದು ಬ್ಯಾಟ್ ಬೀಸುವವರ ತನಕ ಯಾರು ಇರಬೇಕು ಯಾರು ಹೋಗಬೇಕು ಎಂಬುದನ್ನೆಲ್ಲ ಈ ಕೋಣೆಯಲ್ಲೇ, ಸಿಪ್ಪೆ ಉಗುಳುತ್ತಾ ತೀರ್ಮಾನ ಮಾಡುವವಳು. ಈಗಷ್ಟೇ ವೆಂಡೆಲ್‌ನನ್ನು ತಂಡವನ್ನು ಆಡಿಸುವ ಮ್ಯಾನೇಜರ್ ಮಾಡಿದ್ದಳು. ಹಳೆಯ ಮ್ಯಾನೇಜರ್ ಚಳಿಗೆ ಬೇಸತ್ತು ಅರಿಜೋನಾಕ್ಕೆ ಹೋಗಿಬಿಟ್ಟಿದ್ದ.

ಈ ಲೀಗಿನಲ್ಲಿ ಒಬ್ಬನೇ ಮ್ಯಾನೇಜರೂ ಆಟಗಾರನೂ ಆಗುವಂತಿಲ್ಲ. ವೆಂಡೆಲ್‌ಗೆ ಮೂವತ್ತೇಳು ವಯಸ್ಸು. ಹದಿನಾಲ್ಕು ಬೇಸಿಗೆ ಅವನು ಇದೇ ತಂಡದ ಕ್ಯಾಚರ್ ಆಗಿದ್ದ. ಬ್ಯಾಟ್ ಮಾಡುವವನ ಹಿಂದೆ ಕುಕ್ಕರಗಾಲಿನಲ್ಲಿ ಕೂತು, ಬಂದ ಚೆಂಡನ್ನೆಲ್ಲ ಹಿಡಿದು ಹಿಡಿದು ಮಂಡಿ ಸವೆದಿತ್ತು. ಲೀಗಿನಲ್ಲಿ ಇರುವುದು ಆರು ತಂಡ, ಆರು ಮ್ಯಾನೇಜರ್ ಕುರ್ಚಿ. ಒಂದು ಖಾಲಿಯಾಗಲಿ ಎಂದು ಅವನು ಕಾದದ್ದು ಸುಳ್ಳಲ್ಲ. ಈಗ ಕುರ್ಚಿ ತಾನಾಗಿ ಬಂದಾಗ ಒಂದು ಫೋನಿಗೆ ಯಾಕೆ ಅಡ್ಡ ಬಂದೆ ಎಂಬುದು ಅವನಿಗೇ ಅರ್ಥವಾಗಲಿಲ್ಲ.

"ಸರಿ, ಹಬ್ಬ ಆದ್ಮೇಲೆ ಮಾಡ್ತೀನಿ," ಎಂದಳು ಲೊರೇನ್. "ಈಗ ನಿನ್ನ ಮೊದಲ್ನೇ ಕೆಲಸ ಕೇಳು. ಗ್ಯಾಲೆನ್‌ಗೆ ಒಬ್ಬನನ್ನ ಕೊಡ್ಬೇಕು."

ಗ್ಯಾಲೆನ್ ಊಸ್ಟರ್ ಎಂದರೆ ಪಕ್ಕದ ಡನ್ಮೋರ್ ತಂಡದ ಮ್ಯಾನೇಜರ್. ಹೋದ ಆಗಸ್ಟಿನಲ್ಲಿ ಹೆರನ್ಸ್‌ನವರು ಅವನಿಂದ ಒಬ್ಬ ಒಳ್ಳೆಯ ಆಟಗಾರನನ್ನು ಪಡೆದಿದ್ದರು. ಬದಲಿಗೆ ಕೊಡುವುದು ಯಾರನ್ನು ಎಂದು ಆಗ ಗೊತ್ತಿರಲಿಲ್ಲ. ಬೇಸ್‌ಬಾಲಿನಲ್ಲಿ ಅದಕ್ಕೂ ಒಂದು ಪದ್ಧತಿಯಿದೆ. 'ಹೆಸರು ಆಮೇಲೆ ಹೇಳುವ ಆಟಗಾರ' ಎಂದು ಹೇಳಿ ಕೈಕುಲುಕಿಬಿಡುತ್ತಾರೆ. ಆ ಹೆಸರಿಲ್ಲದವನು ಯಾರೆಂದು ಚಳಿಗಾಲದಲ್ಲಿ ತೀರ್ಮಾನವಾಗುತ್ತದೆ. ಈ ಸಲದ ಒಪ್ಪಂದ ಹೀಗಿತ್ತು: ಹೆರನ್ಸ್‌ನವರು ತಮಗೆ ಬೇಕೇ ಬೇಕಾದ ಹದಿನೈದು ಜನರನ್ನು ಪಟ್ಟಿ ಮಾಡಿ ಬಚ್ಚಿಟ್ಟುಕೊಳ್ಳಬಹುದು, ಮಿಕ್ಕವರಲ್ಲಿ ಗ್ಯಾಲೆನ್ ಯಾರನ್ನಾದರೂ ಎತ್ತಿಕೊಳ್ಳಬಹುದು. ಹಾಗೆ ಆಯ್ಕೆಯಾದವನು ಆಟವನ್ನೇ ಬಿಟ್ಟೆ ಎಂದರೆ ಬಚ್ಚಿಟ್ಟದ್ದೆಲ್ಲ ಬಯಲಾಗುತ್ತದೆ. ಆಗ ಗ್ಯಾಲೆನ್ ಇಡೀ ತಂಡದಲ್ಲಿ ಯಾರನ್ನು ಬೇಕಾದರೂ ಕೇಳಬಹುದು.

ವೆಂಡೆಲ್‌ಗೆ ಈ ಕೆಲಸ ಎಷ್ಟು ಹಿಡಿಸಿತೆಂದರೆ ಊಟ ನಿದ್ದೆಯ ಮೇಲೂ ಅವನಿಗೆ ಗಮನವಿರಲಿಲ್ಲ. ಗ್ಯಾಲೆನ್ ಒಂದು ಕಾಲದಲ್ಲಿ ಇದೇ ತಂಡದ ಪಿಚರ್ ಆಗಿದ್ದ. ನಾಲ್ಕು ವರ್ಷ ಅವನು ಎಸೆದ ಚೆಂಡನ್ನು ಹಿಡಿದವನು ವೆಂಡೆಲ್. ಮುಂದಿನ ಚೆಂಡು ಏನು ಎಸೆಯಬೇಕೆಂದು ಗ್ಯಾಲೆನ್‌ಗೆ ಹೊಳೆಯುವ ಮೊದಲೇ ವೆಂಡೆಲ್‌ಗೆ ಹೊಳೆಯುತ್ತಿತ್ತು. ಈಗ ಅವನ ಮನಸ್ಸಿನಲ್ಲಿ ಏನಿರಬಹುದು? ಅಂಗಳದಲ್ಲಿ ಎಲೆ ಗುಡಿಸುತ್ತಲೂ ಅದೇ ಯೋಚನೆ, ಪಾತ್ರೆ ಒರೆಸುತ್ತಲೂ ಅದೇ ಯೋಚನೆ.

"ಡನ್ಮೋರ್ ಮೈದಾನ ದೊಡ್ಡದು. ಓಡೋರು ಬೇಕು ಅವನಿಗೆ," ಎಂದು ತನ್ನಷ್ಟಕ್ಕೇ ಗೊಣಗಿದ. "ಎಡಗೈ ಪಿಚರ್‌ಗಳೆಲ್ಲ ಮುದುಕರಾಗಿದಾರೆ. ನಮ್ಮ ಎಲೀಸಿಯೊ ಮೇಲೆ ಕಣ್ಣಿದೆ. ಖಂಡಿತ ಇದೆ."

"ಮದುವೆಯಾಗಿ ಇಷ್ಟು ವರ್ಷ ಆಯ್ತಲ್ಲ," ಎಂದಳು ಹೆಂಡತಿ ಡೀನಾ, "ನನ್ನ ಮನಸ್ಸಲ್ಲಿ ಏನಿದೆ ಅಂತ ಒಂದಿನಾನಾದ್ರೂ ಹೀಗೆ ತಲೆ ಕೆಡಿಸ್ಕೊಂಡಿದ್ದುಂಟಾ?"

"ನೀನು ಬಾಯಿಬಿಟ್ಟೇ ಹೇಳಿಬಿಡ್ತೀಯಲ್ಲ, ಯೋಚ್ನೆ ಮಾಡೋಕೆ ಎಲ್ಲಿ ಬಿಡ್ತೀಯ?"

ಡೀನಾ ಒದ್ದೆ ಬಟ್ಟೆಯನ್ನು ಅವನ ಬೆನ್ನಿಗೆ ಬೀಸಿದಳು. ಶಾಲೆಯ ಬಸ್ಸು ಓಡಿಸುವ ಅವಳಿಗೆ ಗಂಡ ಮ್ಯಾನೇಜರ್ ಆದದ್ದು ಸಮಾಧಾನ ತಂದಿತ್ತು. ಬೇಸಿಗೆಯಿಡೀ ಅವನ ಮಂಡಿಗೆ ಐಸು ಕಟ್ಟುವ ಕೆಲಸ ತಪ್ಪಿತಲ್ಲ ಎಂದು ಎಲ್ಲರಿಗೂ ಹೇಳಿಕೊಂಡು ಬಂದಿದ್ದಳು.

ಎಲೀಸಿಯೊ ಡೊಮಿನಿಕನ್ ದೇಶದವನು, ಎಡಗೈ ಪಿಚರ್. ಸೀಸನ್ನಿನಲ್ಲಿ ಆಟಗಾರರನ್ನು ಊರಿನವರು ತಮ್ಮ ಮನೆಗಳಲ್ಲಿ ಇರಿಸಿಕೊಳ್ಳುವುದು ರೂಢಿ. ಅವನು ವೆಂಡೆಲ್‌ನ ಮನೆಯ ನೆಲಮಾಳಿಗೆಗೆ ಬಂದವನು ಚಳಿಗಾಲ ಬಂದರೂ ಹೋಗಲಿಲ್ಲ. ಊರಿನ ನರ್ಸ್ ಒಬ್ಬಳನ್ನು ಮಾರ್ಚಿನಲ್ಲಿ ಮದುವೆಯಾಗುವವನಿದ್ದ. ಹಬ್ಬದ ದಿನ ಇಬ್ಬರೂ ಮೇಲೆ ಬಂದು ಟರ್ಕಿ ಕೋಳಿ ತಿಂದರು, ಡೀನಾಳ ಕುಂಬಳದ ಪೈ ಖಾಲಿ ಮಾಡಿದರು. ವೆಂಡೆಲ್ ಅವನನ್ನು ಎಲ್ಲರಿಗಿಂತ ಮೊದಲು ಬಚ್ಚಿಟ್ಟಿದ್ದ. ಓಡುವವರಿಬ್ಬರನ್ನೂ ಬಚ್ಚಿಟ್ಟಿದ್ದ. ಆಗಸ್ಟಿನಲ್ಲಿ ಗ್ಯಾಲೆನ್‌ನಿಂದ ಬಂದವನನ್ನೇ ಗ್ಯಾಲೆನ್ ವಾಪಸ್ ಕೇಳಿಯಾನೆಂದು ಅವನನ್ನೂ ಸೇರಿಸಿದ್ದ. ಪಟ್ಟಿಯ ಹೊರಗೆ ಬಯಲಿನಲ್ಲಿ ಉಳಿದವರಲ್ಲಿ ಕಳೆದುಕೊಂಡರೆ ನಿದ್ದೆಗೆಡುವಂಥವರು ಯಾರೂ ಇರಲಿಲ್ಲ.

ಹಬ್ಬದ ಮರುವಾರ, ಸೋಮವಾರ ಬೆಳಿಗ್ಗೆ ಲೊರೇನ್ ಫೋನ್ ಮಾಡಿದಳು.

"ಗ್ಯಾಲೆನ್ ಹೆಸರು ಹೇಳ್ದ."

"ಯಾರು? ಆ ದಪ್ಪ ಫ್ಯಾರೆಲ್ ತಾನೇ? ಹೋಗ್ಲಿ ಬಿಡಿ." ವೆಂಡೆಲ್ ಖುಷಿಯಿಂದಲೇ ಕೇಳಿದ.

"ನೀನು."

"ನಾನೇನು?"

"ನಿನ್ನನ್ನೇ ಕಣಪ್ಪ ಅವನು ಕೇಳಿರೋದು. ವೆಂಡೆಲ್ ಪ್ರೂಯಿಟ್, ಕ್ಯಾಚರ್. ಹಬ್ಬ ಕಳೀಲಿ ಅಂದೆ, ನಾನೂ ಹಬ್ಬದ ಗಲಾಟೇಲಿ ಮರೆತೆ. ಲೀಗಿನವರ ಲೆಕ್ಕದಲ್ಲಿ ನೀನಿನ್ನೂ ಆಟಗಾರ. ಬಚ್ಚಿಟ್ಟ ಹದಿನೈದರಲ್ಲಿ ನೀನಿಲ್ಲ." ಅವಳು ಸಿಪ್ಪೆ ಉಗುಳಿದ ಸದ್ದು ಕೇಳಿಸಿತು. "ಈಗ್ಲೂ ಫೋನ್ ಮಾಡಬಹುದು. ಆಟ ಬಿಟ್ಟೆ ಅಂತ ಹೇಳಿದ್ರೆ ನೀನು ನನ್ನ ಮ್ಯಾನೇಜರ್. ಆದ್ರೆ ಅವನು ಎಲೀಸಿಯೊನ ಎತ್ಕೊಂಡು ಹೋಗ್ತಾನೆ. ಫೋನ್ ಮಾಡ್ಲಿಲ್ಲ ಅಂದ್ರೆ ನೀನು ಡನ್ಮೋರ್ ಆಟಗಾರ, ಇಲ್ಲಿ ಕುರ್ಚಿ ಬೇರೆಯವರಿಗೆ. ಸಂಜೆ ಐದರೊಳಗೆ ಹೇಳು."

ಡೀನಾ ಬೆಳಗಿನ ಸುತ್ತು ಮುಗಿಸಿ ಬಸ್ಸಿನ ಕೀಲಿಯನ್ನು ಮೇಜಿನ ಮೇಲೆ ಹಾಕುತ್ತಿದ್ದಳು. ವಿಷಯ ಕೇಳಿ ಮೊದಲು ಜೋರಾಗಿ ನಕ್ಕುಬಿಟ್ಟಳು. ಆಮೇಲೆ ಕುರ್ಚಿ ಎಳೆದು ಕೂತಳು.

"ಯಾಕಂತೆ?"

"ಅದೇ ಗೊತ್ತಾಗ್ತಿಲ್ಲ," ಎಂದ ವೆಂಡೆಲ್. "ಮೂವತ್ತೇಳು ವರ್ಷದ ಕ್ಯಾಚರ್ ಯಾರಿಗೆ ಬೇಕು? ನನ್ನ ಕುರ್ಚಿಗೆ ಕಲ್ಲು ಹಾಕೋಕೆ ಮಾಡಿದ್ನಾ? ಇಲ್ಲ ನಿಜವಾಗ್ಲೂ ನಾನು ಆಡ್ತೀನಿ ಅಂತಾನಾ? ಹೋಗಿ ಕೇಳ್ಕೊಂಡು ಬರ್ತೀನಿ."

"ಫೋನಲ್ಲೇ ಕೇಳಬಹುದಲ್ಲ."

"ಫೋನಲ್ಲಿ ಅವನು ಸುಳ್ಳು ಹೇಳ್ತಾನೆ."

ಡೀನಾ ಅವನ ಮುಖವನ್ನೇ ನೋಡಿದಳು. "ನಿನಗೇನು ಬೇಕು ಅಂತ ನಾನು ಕೇಳಲ್ಲ, ನನಗೆ ಗೊತ್ತು. ನಿನಗೆ ಗೊತ್ತಾ ಅಂತ ನೋಡ್ತಿದೀನಿ. ಹೋಗಿ ಬಾ. ರಸ್ತೆ ಜಾರುತ್ತೆ, ಹುಷಾರು."

ಡನ್ಮೋರ್‌ಗೆ ಎರಡು ಗಂಟೆಯ ದಾರಿ. ಗ್ಯಾಲೆನ್ ಪ್ರತಿ ಚಳಿಗಾಲ ಅಲ್ಲಿಯ ಚರ್ಚಿನ ಪಕ್ಕದ ಬಯಲಿನಲ್ಲಿ ಕ್ರಿಸ್‌ಮಸ್ ಮರ ಮಾರುತ್ತಾನೆ. ಈ ಲೀಗಿನ ಮ್ಯಾನೇಜರನ ಸಂಬಳ ಬೇಸಿಗೆಯ ಜೊತೆಗೇ ಮುಗಿಯುತ್ತದೆ. ವೆಂಡೆಲ್ ಹೋದಾಗ ಅವನು ಕಿವಿ ಮುಚ್ಚುವ ಟೊಪ್ಪಿ ಹಾಕಿಕೊಂಡು ಒಂದು ಫರ್ ಮರದ ಬುಡವನ್ನು ಗರಗಸದಲ್ಲಿ ಕೊಯ್ಯುತ್ತಿದ್ದ.

"ಬಾರಪ್ಪಾ ಬಾ, ನಮ್ಮ ಹೊಸ ಆಟಗಾರ!" ಎಂದ ತಲೆಯೆತ್ತದೆ.

"ತಮಾಷೆ ಸಾಕು. ಯಾಕೋ ಹೀಗ್ ಮಾಡ್ದೆ?"

"ನಾನೇನು ಮಾಡ್ದೆ? ಅಂಗಡಿ ಮುಂದೆ ಇಟ್ಟಿದ್ರಿ, ತಗೊಂಡೆ."

"ನನ್ನ ಕುರ್ಚಿ ಕೀಳ್ಬೇಕು ಅಂತಾನಾ?"

"ಲೋ, ನಿನ್ನ ಕುರ್ಚಿ ನನಗ್ಯಾತಕ್ಕೆ? ನಂದೇ ಅಲ್ಲಾಡ್ತಿದೆ." ಗ್ಯಾಲೆನ್ ಗರಗಸ ಕೆಳಗಿಟ್ಟ. "ಕೇಳು. ನನಗೆ ಬೇಕಾಗಿದ್ದವನು ಎಲೀಸಿಯೊ. ನೋಡಿದ್ರೆ ಬಚ್ಚಿಟ್ಟಿದೀರ. ಸರಿ, ಓಡೋ ಹುಡುಗರು? ಇಬ್ರೂ ಇಲ್ಲ. ನಾನು ಕೊಟ್ಟವನನ್ನೇ ವಾಪಸ್ ತಗೊಳ್ಳೋಣ ಅಂದ್ರೆ ಅವನೂ ಇಲ್ಲ! ಯಾವನಪ್ಪಾ ಇವನು, ನನ್ನ ತಲೆ ಒಳಗೆ ಕೂತ್ಕೊಂಡು ಕೆಲಸ ಮಾಡಿರೋನು ಅಂದ್ಕೊಂಡೆ. ಲೊರೇನ್‌ಗೆ ಇಷ್ಟು ಬರಲ್ಲ. ಆಮೇಲೆ ಹೊಳೀತು, ನಾಲ್ಕು ವರ್ಷ ಅಲ್ಲೇ ಕೂತಿದ್ದವನಲ್ವಾ! ಉಳಿದಿರೋರನ್ನ ನೋಡ್ದೆ. ಬರೀ ಜೊಳ್ಳು. ಅದರ ಮಧ್ಯ ನಿನ್ನ ಹೆಸರು. ಎಲ್ಲಾರನ್ನೂ ಬಚ್ಚಿಟ್ಟೆ ಕಣೋ ನೀನು, ಬಚ್ಚಿಟ್ಟವನನ್ನೇ ಮರೆತೆ."

ವೆಂಡೆಲ್‌ಗೆ ನಗು ತಡೆಯಲಾಗಲಿಲ್ಲ. ಇಷ್ಟು ಒಳ್ಳೆಯ ಹೊಗಳಿಕೆಯನ್ನು ಹದಿನಾಲ್ಕು ವರ್ಷದಲ್ಲಿ ಯಾರೂ ಹೇಳಿರಲಿಲ್ಲ, ಅದೂ ಅವನ ಕೆಲಸ ಕೆಡಿಸುತ್ತಾ. ಆದರೆ ಅವನು ಇಷ್ಟು ದೂರ ಬಂದದ್ದು ಇದನ್ನು ಕೇಳಲಿಕ್ಕಲ್ಲ ಎಂಬುದು ಅವನಿಗೆ ಈಗ ಗೊತ್ತಾಯಿತು.

"ಅಂದ್ರೆ ನಿನಗೆ ಬೇಕಿರೋದು ನನ್ನ ತಲೆ," ಎಂದ. "ಮಂಡಿ ಅಲ್ಲ."

"ನನ್ನ ಕ್ಯಾಚರ್ ಪೊಲೀಸ್ ಕೆಲಸಕ್ಕೆ ಸೇರ್ಕೊಂಡ. ಇಬ್ಬರು ಎಳೇ ಪಿಚರ್‌ಗಳಿದಾರೆ, ಬಿರುಸಾಗಿ ಎಸೀತಾರೆ, ಎಲ್ಲಿಗೆ ಅಂತ ದೇವರಿಗೇ ಗೊತ್ತು. ಮಂಡಿ ಬೇಕೇ ಬೇಕು. ಆದ್ರೆ ಅದು ಈಗ ಹೇಗಿದೆ ಅಂತ ನಾನಿನ್ನೂ ನೋಡಿಲ್ಲವಲ್ಲ. ವ್ಯಾನಲ್ಲಿ ಗ್ಲೌಸಿದೆ ತಗೋ."

ಎರಡು ಸಾಲು ಮರಗಳ ನಡುವೆ ಜಾಗ ಮಾಡಿಕೊಂಡರು. ವೆಂಡೆಲ್ ಕುಕ್ಕರಗಾಲಿನಲ್ಲಿ ಕೂತ. ಎಡಮಂಡಿ ಲಟಕ್ಕೆಂದಿತು. ದೂರದಲ್ಲಿ ನಿಂತಿದ್ದ ಗ್ಯಾಲೆನ್‌ಗೂ ಕೇಳಿಸಿರಬೇಕು. ಅವನು ಮೊದಲ ನಾಲ್ಕಾರು ಚೆಂಡುಗಳನ್ನು ನಯವಾಗಿ ಎಸೆದ. ಚಳಿಗೆ ಗಟ್ಟಿಯಾಗಿದ್ದ ಗ್ಲೌಸು ಕೈಗೆ ಹೊಂದಿಕೊಳ್ಳತೊಡಗಿತು. ಮರ ನೋಡಲು ಬಂದಿದ್ದ ಇಬ್ಬರು ನಿಂತು ನೋಡಿದರು. ಆಗ ಗ್ಯಾಲೆನ್ ಹೇಳದೆ ಕೇಳದೆ ತನ್ನ ಹಳೆಯ ತಿರುವು ಚೆಂಡನ್ನು ಎಸೆದ. ಅದು ಅರ್ಧ ದಾರಿಯಲ್ಲಿ ಮುಳುಗಿ ವೆಂಡೆಲ್‌ನ ಮುಂದೆಯೇ ಕೆಸರಿಗೆ ಬಡಿಯಿತು. ವೆಂಡೆಲ್ ಏನೂ ಯೋಚಿಸಲಿಲ್ಲ. ಎರಡೂ ಮಂಡಿ ನೆಲಕ್ಕೂರಿ, ಗದ್ದ ಎದೆಗೆ ಒತ್ತಿ, ಮೈಯನ್ನೇ ಅಡ್ಡ ಕೊಟ್ಟ. ಚೆಂಡು ಕೋಟಿಗೆ ಬಡಿದು ಅವನ ಎದುರಿಗೇ ಬಿತ್ತು. ಅದನ್ನೆತ್ತಿಕೊಂಡು, ಎಸೆಯುವ ಕೈ ಹಿಂದಕ್ಕೆ ಹೋಗುವಷ್ಟರಲ್ಲಿ ಅವನು ಎದ್ದು ನಿಂತಾಗಿತ್ತು.

ಪ್ಯಾಂಟೆಲ್ಲ ಕೆಸರಾಗಿತ್ತು. ಅವನಿಗೆ ಎಷ್ಟು ಸಂತೋಷವಾಯಿತೆಂದರೆ ನಾಚಿಕೆಯೂ ಆಯಿತು.

"ಎಷ್ಟು ಆಟ ಆಡಿಸ್ತೀಯ?" ಎಂದು ಕೇಳಿದ.

"ಅರ್ಧ. ಮಿಕ್ಕಿದ್ದಕ್ಕೆ ನನ್ನ ಪಕ್ಕ ಕೂತು ನನ್ನನ್ನ ಬಯ್ಯೋದು."

"ಅದರ ಮುಂದಿನ ವರ್ಷ?"

"ಅದರ ಮುಂದಿನ ವರ್ಷದ ಮಾತು ನನಗೇ ಯಾರೂ ಹೇಳಿಲ್ಲ."

"ನಾನು ಆಟ ಬಿಟ್ಟೆ ಅಂದ್ರೆ?"

"ಎಲೀಸಿಯೊನ ಕರ್ಕೊಂಡು ಬರ್ತೀನಿ. ಸುಳ್ಳು ಯಾಕೆ ಹೇಳ್ಲಿ, ಸಂತೋಷವಾಗಿ ಕರ್ಕೊಂಡು ಬರ್ತೀನಿ. ಮದುವೆಗೆ ಒಳ್ಳೇ ಉಡುಗೊರೆ ಕೊಡ್ತೀನಿ."

ವೆಂಡೆಲ್ ಮರಗಳ ಸಾಲಿನ ಕೊನೆಯ ತನಕ ನಡೆದು ಲೊರೇನ್‌ಗೆ ಫೋನ್ ಮಾಡಿದ. ಇನ್ನೂ ಮೂರೂವರೆ.

"ಲೀಗಿನವರಿಗೆ ಫೋನ್ ಮಾಡ್ಬೇಡಿ," ಎಂದ.

ಲೊರೇನ್ ನೇರವಾಗಿ ಕೇಳಿದಳು: "ಎಲೀಸಿಯೊ ಸಲುವಾಗಿ ಹೋಗ್ತಿದೀಯಾ?"

ಹೌದು ಎಂದುಬಿಡುವುದು ಎಷ್ಟು ಸುಲಭವಾಗಿತ್ತು. ಹಾಗೆಂದಿದ್ದರೆ ಊರೆಲ್ಲ ಅವನನ್ನು ಹೊಗಳುತ್ತಿತ್ತು. ಮಾರ್ಚಿನ ಮದುವೆಯಲ್ಲಿ ನಾಲ್ಕು ಜನ ಎದ್ದು ನಿಂತು ಅವನ ಹೆಸರು ಹೇಳುತ್ತಿದ್ದರು.

"ಇಲ್ಲ," ಎಂದ. "ನನ್ನ ಸಲುವಾಗಿ."

"ಅಷ್ಟು ಹೇಳಿದ್ಯಲ್ಲ, ಸಾಕು."

"ಮ್ಯಾನೇಜರ್ ಯಾರನ್ನ ಮಾಡ್ತೀರಿ ಈಗ? ನನಗನ್ಸೋದು, ನಮ್ಮ ಪಿಚರ್‌ಗಳಿಗೆ ಒಗ್ಗೋ ಅಂಥವನು..."

"ವೆಂಡೆಲ್," ಲೊರೇನ್ ಮೆಲ್ಲಗೆ ತಡೆದಳು. "ಅದನ್ನೆಲ್ಲ ನಾನು ಬೇರೆ ಟೀಮಿನ ಆಟಗಾರರ ಹತ್ರ ಮಾತಾಡಲ್ಲಪ್ಪ."

ಅವಳು ಫೋನ್ ಇಟ್ಟ ಮೇಲೂ ಅವನು ತನ್ನದನ್ನು ಕಿವಿಗೆ ಹಿಡಿದುಕೊಂಡೇ ನಿಂತಿದ್ದ. ಡೀನಾಗೆ ಹೇಳಬೇಕಿತ್ತು. ಈ ಹೊತ್ತಿನಲ್ಲಿ ಅವಳ ಬಸ್ಸಿನ ತುಂಬ ಮಕ್ಕಳಿರುತ್ತಾರೆ, ನಾಲ್ಕೂವರೆಗೆ ಮಾಡೋಣ ಎಂದುಕೊಂಡ.

"ಸ್ವಲ್ಪ ಬರ್ತೀರಾ?" ಕೆಂಪು ಕೋಟಿನ ಹೆಂಗಸೊಬ್ಬಳು ಕರೆದಳು. ಅವನ ಕೆಸರು ಪ್ಯಾಂಟು ನೋಡಿ ಇಲ್ಲಿಯ ಕೆಲಸದವನೆಂದೇ ತಿಳಿದಿದ್ದಳು. "ಈ ಮರ ಎತ್ತಿ ನಿಲ್ಲಿಸ್ತೀರಾ, ನೋಡಬೇಕು."

ವೆಂಡೆಲ್ ಗ್ಲೌಸನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಒರಗಿಸಿಟ್ಟಿದ್ದ ಮರವನ್ನು ನೆಟ್ಟಗೆ ಮಾಡಿ ತುದಿಯ ಹತ್ತಿರ ಹಿಡಿದುಕೊಂಡ. ಅವಳು ನಾಲ್ಕು ಹೆಜ್ಜೆ ಹಿಂದೆ ಹೋಗಿ, ತಲೆ ಓರೆ ಮಾಡಿ ನೋಡಿದಳು.

"ಈ ಕಡೆ ಸ್ವಲ್ಪ ಬೋಳಾಗಿದೆ ಅಲ್ವಾ? ತಿರುಗಿಸಿ ನೋಡೋಣ."

ಅವನು ತಿರುಗಿಸಿದ.

"ಇನ್ನೊಂಚೂರು," ಎಂದಳು. ಅವನು ಕೊಂಬೆಗಳ ಹಿಂದೆ ಮುಖ ಮರೆಸಿಕೊಂಡು, ಮರವನ್ನು ಅಲುಗಾಡದಂತೆ ಹಿಡಿದು, ಇನ್ನೂ ಸ್ವಲ್ಪ ತಿರುಗಿಸಿ ಕಾದ.